ಮೊರದ ಮೇಲೆ ಮೈಸೂರು

ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಮಾಲರು ಬೀಡಿ ಸೇದುತ್ತ ಗಾಡಿಗಳ ದಾರಿ ಕಾಯುತ್ತಿದ್ದಾರೆ. ಅಷ್ಟರಲ್ಲಾಗಲೇ ಮಂಡಿಯೊಂದರ ಮುಂದಿನ ಕಟ್ಟೆಯ ಮೇಲೆ ಹುಲಿಯಮ್ಮನವರ ಮೊರ ಸದ್ದು ಮಾಡುತ್ತಿದೆ. ಸೆರಗನ್ನು ಮೂಗಿಗೆ ಬಿಗಿದು, ಕಾಲು ಚಾಚಿ ಕೂತು ಅವರು ಹುರುಳಿ ಕೇರುತ್ತಿದ್ದಾರೆ. ಮೊರ ಮೇಲೆದ್ದು ಇಳಿದರೆ ಹೊಟ್ಟು ಆಚೆ, ಕಾಳು ಈಚೆ. ಉಳಿದ ಕಲ್ಲನ್ನು ಬೆರಳು ಹುಡುಕಿ ತೆಗೆಯುತ್ತದೆ. ಕಣ್ಣು ಮಾತ್ರ ನನ್ನ ಮೇಲಿದೆ.

ನಾವು ಉಣ್ಣುವ ಬೇಳೆಯಲ್ಲಿ ಕಲ್ಲು ಸಿಗದಿದ್ದರೆ ಅದಕ್ಕೆ ಇಂಥವರು ಕಾರಣ. ಸಿಗದಿದ್ದಾಗ ನಾವು ಯಾರನ್ನೂ ನೆನೆಯುವುದಿಲ್ಲ. ಸಿಕ್ಕಾಗ ನೆನೆಯುತ್ತೇವೆ, ಅದೂ ಬೈಯುವುದಕ್ಕೆ. ಪೇಟೆಯಲ್ಲಿ ಈ ಹೆಂಗಸರಿಗೆ ಹೆಸರೇ ಇಲ್ಲ, ‘ಕೇರೋರು’ ಅಷ್ಟೆ. ಹುಲಿಯಮ್ಮ ಮದುವೆಯಾಗಿ ಬಂದ ವರ್ಷವೇ ಈ ಕಟ್ಟೆ ಹತ್ತಿದವರು. ಗಂಡ ಉಚ್ಚಂಗಪ್ಪ ಹಮಾಲಿಯಾಗಿದ್ದರು. ಚೀಲ ಜಾರಿ ಸೊಂಟದ ಮೇಲೆ ಬಿದ್ದ ಮೇಲೆ ಭಾರ ಎತ್ತುವಂತಿಲ್ಲ, ಈಗ ಹರಿದ ಚೀಲ ಹೊಲಿಯುತ್ತಾರೆ. ಮನೆ ನಡೆಯುವುದು ಈ ಮೊರದ ಮೇಲೆ. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಚೀಲ ಹಸನು ಮಾಡುವ ಈ ಕೈಗಳು ಸಂಜೆಯ ಹೊತ್ತಿಗೆ ರೊಟ್ಟಿ ತಟ್ಟಲೂ ಒಪ್ಪುವುದಿಲ್ಲವಂತೆ.

ಆದರೆ ನಾನು ಬಂದದ್ದು ಹುರುಳಿ ನೋಡಲು ಅಲ್ಲ. ಆಷಾಢದಲ್ಲಿ ಮಾರುಕಟ್ಟೆಗೆ ಮಾಲು ಬರುವುದು ಕಡಿಮೆಯಾಗುತ್ತದೆ. ಆಗ ಈ ಕೇರುವ ಹೆಂಗಸರೆಲ್ಲ ಸೇರಿ ಎರಡು ದಿನದ ಮಟ್ಟಿಗೆ ಮೈಸೂರಿಗೆ ಹೊರಡುತ್ತಾರೆ. ಎಲ್ಲಿ ಇಳಿಯಬೇಕು, ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಕೂತು ಬುತ್ತಿ ಬಿಚ್ಚಬೇಕು, ಎಲ್ಲವನ್ನೂ ಗೊತ್ತು ಮಾಡುವವರು ಹುಲಿಯಮ್ಮ. ರಾಜ್ಯಕ್ಕಿದ್ದ ಮೈಸೂರು ಎಂಬ ಹೆಸರನ್ನು ತೆಗೆದು ಮೂರು ವರ್ಷವಾಯಿತು. ಈ ಹೆಂಗಸರ ತಲೆಯಿಂದ ಮೈಸೂರನ್ನು ತೆಗೆಯಲು ಯಾವ ಸರ್ಕಾರದಿಂದಲೂ ಆಗಲಿಕ್ಕಿಲ್ಲ.

ಅವರು ಯೋಜನೆ ಹಾಕುವ ಬಗೆಯನ್ನು ನೋಡಬೇಕು. ಕೆಲಸ ಮುಗಿದ ಮೇಲೆ ಖಾಲಿ ಮೊರವನ್ನು ನಡುವೆ ಇಟ್ಟುಕೊಳ್ಳುತ್ತಾರೆ. ಒಂದು ಮೊರ ಎಂದರೆ ಒಂದು ದಿನ. ಹಿಂದಿನ ಎತ್ತರದ ಅಂಚು ಬೆಳಗು, ಮುಂದಿನ ಬಾಯಿ ಸಂಜೆ. ಒಂದೊಂದು ಜಾಗಕ್ಕೆ ಒಂದೊಂದು ಕಾಳು. ಹೆಚ್ಚು ಹೊತ್ತು ಬೇಡುವ ಜಾಗಕ್ಕೆ ದಪ್ಪ ಅವರೆ, ಕಣ್ಣಾಡಿಸಿ ಬರುವುದಕ್ಕೆ ಹೆಸರುಕಾಳು, ದೇವರಿಗೆ ಕಡಲೆ. ಸುತ್ತ ಕೂತವರು ತಮಗೆ ಬೇಕಾದ ಕಾಳನ್ನು ಇಡುತ್ತ ಹೋಗುತ್ತಾರೆ, ಜಗಳವಾಡುತ್ತಾರೆ, ಮತ್ತೆ ತೆಗೆಯುತ್ತಾರೆ. ತೀರಾ ಇಕ್ಕಟ್ಟಾದರೆ ಮೊರದ ಬಾಯಿಯಿಂದ ಒಂದೆರಡು ಕಾಳು ತಾವಾಗಿಯೇ ಉದುರುತ್ತವೆ.

“ಉದುರಿದ್ದು ಆ ದಿನಕ್ಕ ಆಗಾದಲ್ಲ ಅಂತ ತಿಳಕಬೇಕ್ರಿ,” ಎನ್ನುತ್ತಾರೆ ಹುಲಿಯಮ್ಮ. “ಆಸಿ ಎಷ್ಟರ ಇರಲಿ, ಮೊರ ಇರೋದು ಇಷ್ಟಽ.”

ಹಾಗೆ ಉದುರಿದ್ದರಲ್ಲಿ ಮೊದಲನೆಯದು ರಂಗನತಿಟ್ಟಿನ ಹಕ್ಕಿಗಳು. ಸೊರಬದ ಕಡೆಯಿಂದ ಸೊಸೆಯಾಗಿ ಬಂದಿರುವ ಯಮುನಮ್ಮ ಆ ಕಾಳನ್ನು ತಾವೇ ಎತ್ತಿ ಬಾಯಿಗೆ ಹಾಕಿಕೊಂಡುಬಿಟ್ಟರು. “ಹಕ್ಕಿ ನೋಡಕ್ಕೆ ಅಷ್ಟು ದೂರ ಎಂತಕ್ಕೆ ಹೋಗದು? ನಮ್ಮ ಗುಡವಿ ಕೆರೆಗೆ ಬಂದ್ರೆ ಸಾಕಲ್ದಾ?” ಎಂಬುದು ಅವರ ವಾದ. ಕೆತ್ತನೆಯ ಗುಡಿಗಳಿಗೂ ಜಾಗ ಸಿಗಲಿಲ್ಲ. ಬಳ್ಳಿಗಾವಿಯ ಕಂಬಗಳ ಸುತ್ತ ಕಣ್ಣಾಮುಚ್ಚಾಲೆ ಆಡಿ ಬೆಳೆದವರಿಗೆ ಕಲ್ಲಿನ ಹೂವು ತೋರಿಸಲು ರೈಲು ಹತ್ತಿಸಬೇಕಿಲ್ಲವಲ್ಲ.

ಊರಿನ ದೂರ ಅಳೆಯುವುದಕ್ಕೂ ಹುಲಿಯಮ್ಮನವರದ್ದು ತಮ್ಮದೇ ದಾರಿ. ಲಾರಿ ಚಾಲಕರಿರಲಿ, ಹರಕೆ ತೀರಿಸಿ ಬಂದವರಿರಲಿ, ಮೈಸೂರು ಕಂಡು ಬಂದವರು ಸಿಕ್ಕರೆ ಬಿಡುವುದಿಲ್ಲ. ಊರು ಹೇಗಿದೆ ಎಂದು ಕೇಳುವುದಿಲ್ಲ. ಅಲ್ಲಿಂದ ಇಲ್ಲಿಗೆ ನಡೆಯುವಾಗ ಬಾಯಾರಿತೇ, ಬಾಯಾರಿದರೆ ನೀರು ಎಲ್ಲಿ ಸಿಕ್ಕಿತು, ನೆರಳಿತ್ತೇ ಎಂದು ಕೇಳುತ್ತಾರೆ. ಅವರ ಪ್ರಕಾರ ರೈಲು ನಿಲ್ದಾಣದಿಂದ ಮೃಗಾಲಯಕ್ಕೆ ಎರಡು ಬಾಯಾರಿಕೆ. ಮೃಗಾಲಯದಿಂದ ಅರಮನೆಗೆ ಅರ್ಧ.

ಆ ಅರ್ಧ ಬಾಯಾರಿಕೆಯ ದಾರಿಯಲ್ಲೇ ಹೋದ ವರ್ಷ ಎಲ್ಲ ಕೆಟ್ಟಿತು.

ಭಾನುವಾರ ಸಂಜೆ ಅರಮನೆಗೆ ದೀಪ ಹಚ್ಚುತ್ತಾರೆ. ಅದನ್ನು ನೋಡಬೇಕೆಂದೇ ಇವರೆಲ್ಲ ಹೋಗಿದ್ದರು. ಆ ಆಸೆ ಹುಟ್ಟಿಸಿದವರು ಇದೇ ಕಟ್ಟೆಯ ಮೇಲೆ ಹುಲಿಯಮ್ಮನವರ ಪಕ್ಕದಲ್ಲಿ ಕೂರುವ ಕುಬ್ರಾ ಬೀ. ಅವರ ಗಂಡ ಗುಲಾಬ್ ಸಾಬ್ ಪಾತ್ರೆಗಳಿಗೆ ಕಲಾಯಿ ಹಾಕುವವರು. ಹರೆಯದಲ್ಲಿ ಮೈಸೂರಿನ ಮದುವೆ ಮನೆಯೊಂದಕ್ಕೆ ಕಲಾಯಿ ಹಾಕಲು ಹೋದಾಗ ಆ ದೀಪಗಳನ್ನು ಕಂಡು ಬಂದು, ಹೊಸ ಹೆಂಡತಿಗೆ ತಿಂಗಳುಗಟ್ಟಲೆ ವರ್ಣಿಸಿದ್ದರಂತೆ.

ಮೃಗಾಲಯ ನೋಡಿಕೊಂಡು ಹೊರಟವರಿಗೆ ನಡುವೆ ಒಂದು ಕಾಳಿನ ಮಂಡಿ ಎದುರಾಯಿತು. ಅದರ ಮುಂದೆ ರಸ್ತೆಯಂಚಿನಲ್ಲಿ ಆ ಊರಿನ ಹೆಂಗಸರು ಅಲಸಂದೆ ಕೇರುತ್ತಿದ್ದರು. ಅವರ ಮೊರದ ಆಕಾರ ಬೇರೆ, ಕೈಯ ತಿರುವು ಬೇರೆ, ಕಾಳಿನ ಜೊತೆ ಕಲ್ಲೂ ಉಳಿಯುತ್ತಿತ್ತು. ಕುಬ್ರಾ ಬೀಯವರಿಗೆ ತಡೆಯಲಾಗಲಿಲ್ಲ. ಒಂದು ಗಳಿಗೆ ತೋರಿಸಿಕೊಟ್ಟು ಬರುತ್ತೇನೆಂದು ಕೂತೇಬಿಟ್ಟರು. ಅವರ ಪಕ್ಕ ಯಮುನಮ್ಮ, ಯಮುನಮ್ಮನ ಪಕ್ಕ ಮತ್ತೊಬ್ಬರು, ಕೊನೆಗೆ ಕರೆಯಲು ಹೋದ ಹುಲಿಯಮ್ಮನೂ. ಚಹಾ ಬಂತು, ಎಲೆ ಅಡಿಕೆ ಬಂತು, ಎರಡೂ ಊರಿನ ಸೊಸೆಯಂದಿರ ವಿಚಾರಣೆ ನಡೆಯಿತು. ರಾಶಿ ಮುಗಿಸಿ ತಲೆ ಎತ್ತಿದರೆ ಕತ್ತಲೆ. ಓಡಿದರು. ಗೇಟು ಮುಟ್ಟುವ ಹೊತ್ತಿಗೆ ದೀಪ ಹತ್ತಿ ಆರಿಹೋಗಿತ್ತು. ಜನ ವಾಪಸು ಬರುತ್ತಿದ್ದರು.

ಊರಿಗೆ ಬಂದ ಮೇಲೆ ಕೇಳಬೇಕೆ? ಮೈಸೂರಿಗೆ ಹೋಗಿ ಕಾಳು ಕೇರಿ ಬಂದರೆಂದು ಹಮಾಲರು ನಕ್ಕರು, ಹೋಟೆಲಿನವರು ನಕ್ಕರು. ಹುಲಿಯಮ್ಮ ನಕ್ಕವರ ಜೊತೆ ನಕ್ಕು ಮರೆತರು. ಕುಬ್ರಾ ಬೀ ನಗಲಿಲ್ಲ. ಎಲ್ಲರ ದೀಪವನ್ನೂ ತಾನೇ ಆರಿಸಿದೆ ಎಂದು ಮನಸ್ಸಿಗೆ ಹಚ್ಚಿಕೊಂಡರು. ಎರಡು ದಿನದಿಂದ ಕಟ್ಟೆಗೂ ಬಾರದೆ, ಈ ವರ್ಷ ತಾನು ಮೈಸೂರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ.

“ಆಕಿ ಬರದಿದ್ರ ಯಾರೂ ಹೋಗಾದಿಲ್ರಿ,” ಎನ್ನುತ್ತಾರೆ ಹುಲಿಯಮ್ಮ, ಧ್ವನಿ ಏರಿಸದೆ. “ದೀಪದ ಹುಚ್ಚು ಹಿಡಿಸಿದಾಕಿನ್ನ ಮನ್ಯಾಗ ಬಿಟ್ಟು ನಾವು ಹೆಂಗ ನೋಡಾದು? ಬರಂಗ ಮಾಡ್ತೀನಿ.”

ಹೇಗೆ ಎಂದು ನೋಡಲು ಮಧ್ಯಾಹ್ನ ನಾನೂ ಅವರ ಹಿಂದೆ ಹೊರಡುತ್ತೇನೆ. ಕಂಕುಳಲ್ಲಿ ಮೊರ, ಸೆರಗಿನ ಗಂಟಿನಲ್ಲಿ ಕಾಳು. ಗುಲಾಬ್ ಸಾಬರ ಮನೆಯ ಅಂಗಳದಲ್ಲಿ ತಿದಿ ಉಸಿರಾಡುತ್ತಿದೆ, ಹಂಡೆಯೊಂದು ಬೆಳ್ಳಗೆ ಹೊಳೆಯುತ್ತಿದೆ. ಕುಬ್ರಾ ಬೀ ಬಾಗಿಲಲ್ಲೇ ನಿಂತು ನನಗೆ ಸಲಾಂ ಹೇಳುತ್ತಾರೆ, ಹುಲಿಯಮ್ಮನ ಮುಖ ನೋಡುವುದಿಲ್ಲ.

ಹುಲಿಯಮ್ಮ ಮಾತಿಗೆ ಮೊದಲು ನೆಲದ ಮೇಲೆ ಮೊರ ಇಡುತ್ತಾರೆ. ಇದು ಭಾನುವಾರ. ಎತ್ತರದ ಅಂಚಿನಲ್ಲಿ ಒಂದು ಕಡಲೆ, ಅದು ಚಾಮುಂಡಿ ಬೆಟ್ಟ. ಅದರ ಕೆಳಗೆ ಅವರೆ, ಅದು ಮೃಗಾಲಯ. ಆಮೇಲೆ ಮೊರದ ಅರ್ಧದಷ್ಟು ಬರಿದು. ತೀರಾ ಬಾಯಿಯ ಹತ್ತಿರ ಎಲ್ಲಕ್ಕಿಂತ ದಪ್ಪನೆಯ ಅವರೆ ಒಂದು. ಅದು ಬಿದ್ದೀತೆಂದು ಅಂಗಳದ ಬೆಣಚುಕಲ್ಲೊಂದನ್ನು ಮುಂದೆ ಒತ್ತಿಡುತ್ತಾರೆ.

ಗುಲಾಬ್ ಸಾಬ್ ಕೆಲಸ ಬಿಟ್ಟು ಬಂದು ಬಗ್ಗಿ ನೋಡಿ, ಇಷ್ಟು ಜಾಗ ಸುಮ್ಮನೆ ಹಾಳಾಗುತ್ತಲ್ಲ ಎಂದು ಕೇಳುತ್ತಾರೆ. ಹಾಳಾಗುವುದಿಲ್ಲ, ಉಂಡ ಕೂಡಲೇ ಹೋಗಿ ಅರಮನೆಯ ಮುಂದೆ ಕೂರುತ್ತೇವೆ, ಸಂಜೆಯವರೆಗೂ ಏಳುವುದಿಲ್ಲ ಎಂದು ಹುಲಿಯಮ್ಮ ಹೇಳುತ್ತಾರೆ. ಮಳೆ ಬಂದರೆ? ಕಂಬಳಿಯ ಗೊಪ್ಪೆ ಹೊದ್ದು ಕೂರುತ್ತಾರಂತೆ. ಗುಲಾಬ್ ಸಾಬ್ ತಲೆದೂಗಿ, ದೀಪ ಒಮ್ಮೆಗೇ ಹತ್ತುತ್ತದೆ, ಆ ಹೊತ್ತಿಗೆ ಕಣ್ಣು ಮಿಟುಕಿಸಬೇಡಿ ಎಂದು ಎಚ್ಚರಿಸುತ್ತಾರೆ. ಹೆಂಡತಿಯನ್ನು ಕಳಿಸಲು ಅವರದ್ದೇನೂ ಅಡ್ಡಿಯಿಲ್ಲ.

ಅಡ್ಡಿ ಇರುವುದು ಕುಬ್ರಾ ಬೀಯವರದ್ದೇ. ಕೊನೆಗೂ ಬಾಯಿ ಬಿಡುತ್ತಾರೆ. “ನನ್ನ ಕೈ ಸುಮ್ಕೆ ಇರಾದಿಲ್ಲ ಹುಲಿಯವ್ವ. ಕಾಳು ಕಂಡ್ರೆ ಮತ್ತೆ ಕುಂದರ್ತೀನಿ. ಮತ್ತೆ ನಿಮ್ಮ ದೀಪ ಹೋಗ್ತೈತೆ. ನೀವು ಹೋಗಿ ಬರ್ರಿ.”

ಹುಲಿಯಮ್ಮ ಎದ್ದು ಗೋಡೆಗೆ ತೂಗುಹಾಕಿದ್ದ ಕುಬ್ರಾ ಬೀಯವರ ಮೊರವನ್ನೇ ತೆಗೆದು ತಂದು, ಮೊದಲನೆಯದರ ಪಕ್ಕದಲ್ಲಿ ಇಡುತ್ತಾರೆ. ಇದು ಸೋಮವಾರ. ಸೆರಗಿನ ಗಂಟಿನಿಂದ ಒಂದೇ ಒಂದು ಅಲಸಂದೆ ತೆಗೆದು ಅದರ ಎತ್ತರದ ಅಂಚಿಗೆ, ಎಲ್ಲಕ್ಕಿಂತ ಮೊದಲು ಇಡುತ್ತಾರೆ. ಅದು ಯಾವ ಜಾಗವೆಂದು ಕುಬ್ರಾ ಬೀಯವರಿಗೆ ಹೇಳಬೇಕಾಗಿಲ್ಲ.

“ಮಂಡಿ,” ಎನ್ನುತ್ತಾರೆ ಹುಲಿಯಮ್ಮ, ನನಗಾಗಿ. ಆಮೇಲೆ ಗೆಳತಿಯ ಕಡೆ ತಿರುಗಿ, “ದಾರಿ ತಪ್ಪಿಸಿ ಕಳ್ಳರಂಗ ಹೋಗಾದು ಬ್ಯಾಡ. ದೀಪ ನೋಡಿದ ಮರುದಿನ ಮುಂಜಾನೆ ಅಲ್ಲಿಗೇ ಹೋಗಾನು. ಅವರು ಕೇರ್ತಿರ್ತಾರ. ನಾವು ಎದುರಿಗೆ ಕೈ ಕಟ್ಟಿಕೊಂಡು ಕುಂದರಾನು. ಮಂದಿ ದುಡಿಯಾದನ್ನ ನಾವು ಯಾವತ್ತರ ಕುಂತು ನೋಡೀವೇನು? ಅದೂ ಒಂದು ನೋಡೋ ಜಾಗಾನಽ.”

ಕುಬ್ರಾ ಬೀ ತಮ್ಮ ಮೊರದ ಮುಂದೆ ಕೂತು ಆ ಒಂಟಿ ಅಲಸಂದೆಯನ್ನು ಬಹಳ ಹೊತ್ತು ನೋಡುತ್ತಾರೆ. ಬೆರಳು ಅದರ ಕಡೆ ಹೋಗಿ ಹಿಂದಕ್ಕೆ ಬರುತ್ತದೆ. ಎರಡೂ ಕೈಯನ್ನು ಕಂಕುಳಿಗೆ ಸೇರಿಸಿ, ಹೇಗಿದೆ ಎಂದು ನೋಡುವವರಂತೆ ಒಂದು ಗಳಿಗೆ ಹಾಗೇ ಕೂರುತ್ತಾರೆ. ಒಂದು ವರ್ಷ ತಡೆದಿಟ್ಟಿದ್ದ ನಗು ಆಗ ಬರುತ್ತದೆ.

“ಬರ್ತೀನಿ,” ಎನ್ನುತ್ತಾರೆ. ಆದರೂ ಕೇರುವ ಜೀವ, ಒಂದು ಅನುಮಾನ ಉಳಿದೇ ಇದೆ. “ಅವರು ಕಲ್ಲು ಉಳಿಸಿದ್ರೆ?”

ಹುಲಿಯಮ್ಮ ಕಾಳುಗಳನ್ನು ಒಂದೊಂದಾಗಿ ಸೆರಗಿಗೆ ಕಟ್ಟಿಕೊಳ್ಳುತ್ತ ಹೇಳುತ್ತಾರೆ: “ಉಳೀಲಿ ಬಿಡು. ನಾವು ಊರು ನೋಡಾಕ ಬಂದೋರು.”