ಅಮ್ಮ ಬಳಿದ ಕೆಮ್ಮಣ್ಣು

ಅರವತ್ತರ ದಶಕದಲ್ಲಿ ನಾನು ಉತ್ತರದ ಒಂದು ವಿಶ್ವವಿದ್ಯಾಲಯಕ್ಕೆ ವಿಧಿವಿಜ್ಞಾನ ಓದಲು ಹೊರಟಾಗ ನಮ್ಮೂರು ವಾಮದಪದವಿನಲ್ಲಿ ಯಾರಿಗೂ ಅದರ ತಲೆಬುಡ ಅರ್ಥವಾಗಲಿಲ್ಲ. ಓದಿದವನು ಮೇಷ್ಟ್ರಾಗಬೇಕು, ತಪ್ಪಿದರೆ ಬ್ಯಾಂಕು ಸೇರಬೇಕು. "ಡಾಕ್ಟರೂ ಅಲ್ಲ, ಪೊಲೀಸೂ ಅಲ್ಲ. ಇದೆಂಥದ್ದು ಮಾರಾಯ, ಹೆಣ ಕಾಯುವ ಕೆಲಸವಾ?" ಎಂದು ಸೋದರಮಾವ ಕೇಳಿದರು. ನೆತ್ತರಿನ ಕಲೆ, ಕೂದಲು, ವಿಷ, ಇವನ್ನೆಲ್ಲ ಪರೀಕ್ಷಿಸಿ ನಡೆದದ್ದೇನೆಂದು ಹೇಳುವ ವಿದ್ಯೆ, ಮುಂದೆ ಸರ್ಕಾರದ ಪ್ರಯೋಗಾಲಯದಲ್ಲಿ ಕೆಲಸ ಸಿಗುತ್ತದೆ ಎಂದು ವಿವರಿಸಿದೆ. ಅಕ್ಕ ನಕ್ಕಳು. ಬೆಲ್ಲ ಕದ್ದವನು ನಾನೇ ಎಂದು ಡಬ್ಬಿಯ ಮುಚ್ಚಳದ ಅಂಟು ನೋಡಿಯೇ ಹಿಡಿಯುತ್ತಿದ್ದವಳು ಅವಳು. "ಇದಕ್ಕೆ ಅಷ್ಟು ದೂರ ಹೋಗ್ಬೇಕಾ? ನಾನೇ ಕಲಿಸ್ತಿದ್ದೆ" ಎಂದಳು.

ಆ ವರ್ಷವೇ ಅವಳನ್ನು ಬೆಳುವಾಯಿಗೆ ಮದುವೆ ಮಾಡಿ ಕೊಟ್ಟರು.

ಬೇಸಗೆ ರಜೆಗೆ ಬಂದು ಬಂಟ್ವಾಳದಲ್ಲಿ ಬಸ್ಸಿಗೆ ನಿಂತಿದ್ದೆ. ಪರಿಚಯದ ಕಂಡಕ್ಟರ್ ನನ್ನ ಟ್ರಂಕು ಹಿಡಿದುಕೊಂಡೇ, "ನೀವು ಮನೆಗೆ ಹೋಗುವುದು ಬೇಡ, ಬೆಳುವಾಯಿಗೆ ಹೋಗಿ. ನಿಮ್ಮ ಅಕ್ಕ ತೀರಿಕೊಂಡ್ರಂತೆ" ಎಂದ. ಆ ಮಾತು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಬಸ್ಸು ಮೂಡುಬಿದಿರೆ ದಾಟುವವರೆಗೂ ಇವನು ಯಾರದೋ ಅಕ್ಕನ ವಿಷಯ ಹೇಳಿದ್ದಾನೆ ಎಂದೇ ಕುಳಿತಿದ್ದೆ.

ನಾನು ತಲುಪುವಾಗ ಚಿತೆ ಉರಿದು ಮುಗಿದಿತ್ತು. ಬಚ್ಚಲಲ್ಲಿ ಜಾರಿ ಹಂಡೆಯ ಕಲ್ಲಿಗೆ ತಲೆ ಬಡಿಯಿತಂತೆ, ಎತ್ತಿ ತಂದು ಒಳಕೋಣೆಯಲ್ಲಿ ಮಲಗಿಸುವಷ್ಟರಲ್ಲಿ ಜೀವ ಹೋಯಿತಂತೆ. ಭಾವ ಜಗಲಿಯಲ್ಲಿ ನೆಲ ನೋಡುತ್ತಾ ಕುಳಿತಿದ್ದರು. ಊರಿನ ಪಟೇಲರು ಬಂದು, ಜಾರಿಬಿದ್ದ ಸಾವೆಂದು ಒಪ್ಪಿ, ಹೋಗಿಯೂ ಆಗಿತ್ತು.

ನನಗಿಂತ ಮೊದಲೇ ಬಂದಿದ್ದ ಅಮ್ಮ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ನೆಲದಲ್ಲಿ ಹಸಿ ಸೆಗಣಿಯ ವಾಸನೆ. ನಮ್ಮಲ್ಲಿ ಹೆಣ ಎತ್ತಿದ ಜಾಗವನ್ನು ಸಾರಿಸದೆ ಬಿಡುವುದಿಲ್ಲ.

"ನಾನೇ ಸಾರಿಸಿದೆ ಮಗ. ಅವಳ ನೆತ್ತರನ್ನು ಬೇರೆಯವರು ಯಾಕೆ ಮುಟ್ಟಬೇಕು? ಗೋಡೆಯಲ್ಲೂ ಇತ್ತು. ತೊಳೆದು ಕೆಮ್ಮಣ್ಣು ಬಳಿದೆ."

"ಗೋಡೆಯಲ್ಲಾ? ಎಲ್ಲಿ?"

ಅಮ್ಮ ತನ್ನ ತಲೆಗಿಂತ ಮೇಲಕ್ಕೆ ಕೈ ಎತ್ತಿ ತೋರಿಸಿದಳು. "ಅಲ್ಲಿವರೆಗೆ. ಸಣ್ಣ ಸಣ್ಣ ಹನಿ."

ಬಿದ್ದವರ ನೆತ್ತರು ಕೆಳಗೆ ಹರಿಯುತ್ತದೆ, ಬೀಸಿ ಹೊಡೆದಾಗ ಮೇಲಕ್ಕೆ ಸಿಡಿಯುತ್ತದೆ ಎಂದು ಪ್ರಾಧ್ಯಾಪಕರು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದರು. ಬಚ್ಚಲಲ್ಲಿ ಜಾರಿದವಳ ನೆತ್ತರು ಒಳಕೋಣೆಯ ಗೋಡೆಗೆ, ಅಷ್ಟು ಮೇಲೆ, ಹೇಗೆ ಹೋಯಿತು?

ಓಡಿಹೋಗಿ ಪಟೇಲರನ್ನು ಮತ್ತೆ ಕರೆತಂದೆ. ಅವರು ಕೆಟ್ಟವರಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಗೋಡೆ ಮುಟ್ಟಿ ನೋಡಿದರು. ಬೆರಳಿಗೆ ಬಂದದ್ದು ಬರೀ ಕೆಮ್ಮಣ್ಣು.

"ಇಲ್ಲಿ ಎಂಥ ಉಂಟು ಮಾರಾಯ? ಹೆಣವೂ ಇಲ್ಲ, ಕಲೆಯೂ ಇಲ್ಲ. ಇದ್ದ ಕಲೆಯನ್ನು ತೆಗೆದದ್ದು ನಿನ್ನ ತಾಯಿಯೇ ಅಂತ ನೀನೇ ಹೇಳ್ತೀಯ. ಇನ್ನು ಯಾರು ನಂಬ್ತಾರೆ?"

ಅಮ್ಮ ಬಾಗಿಲಲ್ಲೇ ನಿಂತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಅವಳು ಪಟೇಲರನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣಿದ್ದ ತನ್ನ ಕೈಗಳನ್ನು ನೋಡಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಓದು ಮುಗಿಸಿ ಪ್ರಯೋಗಾಲಯ ಸೇರಿದೆ. ಯಾರ ಯಾರದೋ ಮನೆಯ ಗೋಡೆ ಕೆರೆದ ಮಣ್ಣು ನನ್ನ ಮೇಜಿಗೆ ಬಂತು, ನನ್ನ ವರದಿಯಿಂದ ಕೆಲವರು ಜೈಲಿಗೂ ಹೋದರು. ಊರಿನವರು ಈಗ ಹೆಮ್ಮೆ ಪಡುತ್ತಿದ್ದರು. ನನಗೆ ಮಾತ್ರ, ಜೈಲು ಕಾಣದ ಭಾವನ ಮುಖ ಇವತ್ತಿಗೂ ಕಣ್ಣೆದುರು ಬರುತ್ತದೆ.

ಅಮ್ಮ ಮತ್ತೆಂದೂ ಸೆಗಣಿ ಮುಟ್ಟಲಿಲ್ಲ. ಹಬ್ಬಕ್ಕೆ ಮುಂಚೆ ನೆರೆಮನೆಯ ಹೆಂಗಸು ಬಂದು ನಮ್ಮ ನೆಲ ಸಾರಿಸಿ ಹೋಗುತ್ತಿದ್ದಳು. ಅಷ್ಟು ಹೊತ್ತೂ ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಗದ್ದೆಯ ಬದುವಿನ ಮೇಲೆ ನಿಂತಿರುತ್ತಿದ್ದಳು.