ಗಂಟೆಯ ಅಂಚಿನಲ್ಲಿದ್ದ ಹೆಸರು

ಹಳೆಯ ಪಾತ್ರೆ ತೆಗೆದುಕೊಂಡು ಹೊಸ ಸ್ಟೀಲ್ ಪಾತ್ರೆ ಕೊಡುವ ಅಂಗಡಿ ನನ್ನದು. ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದಷ್ಟು ಅಗಲದ ಅಂಗಡಿ. ತೊಂಬತ್ತರ ದಶಕದಲ್ಲಿ ಮೈಸೂರಿನ ಮನೆಮನೆಯ ಅಟ್ಟಗಳಿಂದ ಹಿತ್ತಾಳೆ, ತಾಮ್ರ, ಕಂಚು ಇಳಿದು ನನ್ನ ತಕ್ಕಡಿಗೆ ಬಂತು. ಹುಣಸೆಹಣ್ಣು ಹಾಕಿ ತಿಕ್ಕುವ ಪುರುಸೊತ್ತು ಯಾರಿಗೂ ಉಳಿದಿರಲಿಲ್ಲ.

ನಮ್ಮ ವ್ಯಾಪಾರದಲ್ಲಿ ಒಂದು ರೂಢಿಯಿತ್ತು. ಪಾತ್ರೆ ತಕ್ಕಡಿಯಿಂದ ಇಳಿದ ಕೂಡಲೇ ಅದರ ಕುತ್ತಿಗೆಯ ಮೇಲೆ ಕೊರೆಸಿದ್ದ ಹೆಸರನ್ನು ಅರದಿಂದ ಉಜ್ಜಿ ತೆಗೆದುಬಿಡುವುದು. ಮಗಳ ಮದುವೆಗೆ ಕೊಟ್ಟ ಬಿಂದಿಗೆಯ ಮೇಲೆ ಅಪ್ಪನದೋ ಮಗಳದೋ ಹೆಸರಿರುತ್ತದೆ. ನಾಳೆ ಅದು ಬೇರೆಯವರ ಸೊಂಟ ಏರಿ ಬೀದಿ ನಲ್ಲಿಗೆ ಬಂದಾಗ ನಾಲ್ಕು ಜನ ಆ ಹೆಸರನ್ನು ಓದಿ, ಆ ಮನೆ ಇಷ್ಟಕ್ಕೆ ಬಂತೇ ಎಂದು ಆಡಿಕೊಳ್ಳಬಾರದು. ಅದಕ್ಕೆ ಉಜ್ಜುತ್ತಿದ್ದೆವು. ಮಾರಿದವರ ಮರ್ಯಾದೆ ಕಾಯುವ ಕೆಲಸ ಇದು ಎಂದೇ ನಾನು ನಂಬಿದ್ದೆ. ಪಾತ್ರೆ ತಂದವರ ಹೆಸರನ್ನೂ ನಾವು ಕೇಳುತ್ತಿರಲಿಲ್ಲ.

ನಾನು ಮೊದಲು ಅರ ಹಿಡಿದದ್ದು ನಮ್ಮ ಅವ್ವನ ಬಿಂದಿಗೆಯ ಮೇಲೆ. ಅಪ್ಪ ಮೊದಲೇ ಹೋಗಿದ್ದರು. ಅವ್ವ ತೀರಿಕೊಂಡಾಗ ನನಗೆ ಹದಿನೆಂಟು, ತಂಗಿಗೆ ಆರು. ಆ ಬಿಂದಿಗೆ ಮಾರಿ ತಕ್ಕಡಿ ಕೊಂಡೆ. ಆ ತಕ್ಕಡಿಯಿಂದಲೇ ತಂಗಿಯನ್ನು ಸಾಕಿದೆ, ಎಂ.ಎ.ವರೆಗೆ ಓದಿಸಿದೆ.

ಓದು ಮುಗಿದ ಮೇಲೆ ಮ್ಯೂಸಿಯಂ ಕೆಲಸದ ಕೋರ್ಸೊಂದನ್ನು ಸೇರುತ್ತೇನೆ ಎಂದಳು.

"ಅದೇನ್ ಕೆಲ್ಸ ಕಣಮ್ಮ? ಧೂಳು ಹೊಡೆಯೋದಾ?" ಅಂದೆ.

"ನೀನು ಅಂಗಡೀಲಿ ಮಾಡೋದೇ ಕಣಣ್ಣ. ಹಳೇ ಸಾಮಾನು ಬರುತ್ತೆ, ಬರ್ಕೋಬೇಕು. ನೀನು ತೂಕ ಎಷ್ಟು ಅಂತ ಬರ್ಕೋತೀಯ, ನಾವು ಯಾರ್ದು ಅಂತ ಬರ್ಕೋತೀವಿ."

"ಯಾರ್ದು ಅಂತ ಬರ್ಕೊಂಡ್ರೆ ಹೊಟ್ಟೆ ತುಂಬುತ್ತಾ?"

"ನೀನಿಲ್ವಾ ತುಂಬ್ಸೋಕೆ!" ಎಂದು ನಕ್ಕುಬಿಟ್ಟಳು.

ನಗರದ ಒಂದು ಹಳೆಯ ಬಂಗಲೆಯಲ್ಲಿದ್ದ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಹಂಗಾಮಿ ಕೆಲಸ, ವರ್ಷಕ್ಕೊಮ್ಮೆ ಮುಂದುವರಿಸುವ ಆದೇಶ ಬರಬೇಕು. ನಿಮ್ಮ ಮನೆಯ ಮಕ್ಕಳು ಈ ಕಡೆ ಹೋಗುತ್ತೇವೆ ಎಂದರೆ ಬೇಡ ಎನ್ನಬೇಡಿ, ಆದರೆ ಮೊದಲು ಕೇಳಿ ನೋಡಿ: ಹುದ್ದೆ ಮಂಜೂರಾಗಿದೆಯೋ, ಇಲ್ಲ ಯಾರದೋ ಬಾಯಿಮಾತೋ? ಕುಳಿತುಕೊಳ್ಳಲು ಕುರ್ಚಿ ಕೊಟ್ಟ ಮಾತ್ರಕ್ಕೆ ಹುದ್ದೆ ಇದೆ ಎಂದುಕೊಳ್ಳಬಾರದು. ನಾನು ಇದನ್ನು ಕೇಳಲಿಲ್ಲ. ಹತ್ತು ಗ್ರಾಂ ಹಿತ್ತಾಳೆಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದವನು ತಂಗಿಯ ಕೆಲಸದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಇಂಗ್ಲಿಷ್ ಕಾಗದ ಕಂಡರೆ ನನಗೆ ಅಂಜಿಕೆ.

ಏಳು ವರ್ಷ ದುಡಿದಳು. ಒಂದೊಂದು ವಸ್ತುವಿನ ಮೇಲೂ ಕಣ್ಣಿಗೆ ಬೀಳದ ಜಾಗ ಹುಡುಕಿ, ಬೆರಳಗಲ ಬಿಳಿ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಕಪ್ಪು ಮಸಿಯಲ್ಲಿ ಇರುವೆ ಸಾಲಿನಂಥ ಸಂಖ್ಯೆ ಬರೆಯುತ್ತಿದ್ದಳು. ಅದೇ ಸಂಖ್ಯೆ ದಾಖಲೆ ಪುಸ್ತಕಕ್ಕೆ ಹೋಗಬೇಕು. ಅಲ್ಲಿ ವಸ್ತುವಿನ ಅಳತೆ, ಈಗಿನ ಸ್ಥಿತಿ, ಎಲ್ಲಕ್ಕಿಂತ ಮುಖ್ಯವಾಗಿ ಅದು ಎಲ್ಲಿಂದ, ಯಾರಿಂದ ಬಂತು ಎನ್ನುವ ಕಲಂ. ಆ ಕಲಂ ಖಾಲಿ ಇದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕಾನೂನೂ ಅದನ್ನೇ ಕೇಳುತ್ತದೆಯಂತೆ. ನೂರು ವರ್ಷ ದಾಟಿದ ವಿಗ್ರಹ, ದೇವಸ್ಥಾನದ ಸಾಮಾನು ಇಂಥವು ಎಲ್ಲಿಂದ ಬಂದವು ಎಂದು ಹೇಳಲು ಬರಬೇಕು, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವ ಹಾಗಿಲ್ಲ. ಊಟಕ್ಕೆ ಕುಳಿತಾಗ ಎಷ್ಟೋ ಸಲ ಹೇಳಿದ್ದಳು. ನಾನು ಚೊಂಬು, ತಪ್ಪಲೆ ಮಾರುವವನು, ನನಗೇಕೆ ಎಂದು ಸಾರು ಬಡಿಸಿಕೊಳ್ಳುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಅಲ್ಲಿಗೆ ಒಂದೇ ಒಂದು ಖಾಯಂ ಹುದ್ದೆ ಮಂಜೂರಾಯಿತು. ಸಂದರ್ಶನಕ್ಕೆ ಒಂದು ತಿಂಗಳಿತ್ತು. ಹೊರಗಿನಿಂದಲೂ ಅರ್ಜಿಗಳು ಬಂದಿದ್ದವು. ತಂಗಿ ಊಟ ಬಿಟ್ಟು ಓದತೊಡಗಿದಳು. ನಾನೋ, ವ್ಯಾಪಾರದವನು. ತಕ್ಕಡಿಯ ನಮ್ಮ ಕಡೆಯ ತಟ್ಟೆಯಲ್ಲಿ ಏನಾದರೂ ಇಟ್ಟರೆ ತಾನೇ ಅದು ಕೆಳಗೆ ಬಾಗುವುದು ಎಂದುಕೊಂಡೆ.

ಅಂಗಡಿಯ ಒಳಕೋಣೆಯಲ್ಲಿ ಒಂದು ಕಂಚಿನ ಕೈಗಂಟೆ ಇತ್ತು. ಹಿಡಿಯ ಮೇಲೆ ಪುಟ್ಟ ಬಸವ. ಒಂದು ವರ್ಷದ ಹಿಂದೆ ಯಾರೋ ವಯಸ್ಸಾದವರು ಚೀಲದ ತುಂಬ ಪಾತ್ರೆ ತಂದು ಸುರಿದಾಗ ಅದರೊಳಗೆ ಬಂದದ್ದು. ತೂಗುವಾಗ ಒಮ್ಮೆ ಅಲ್ಲಾಡಿತು ನೋಡಿ, ಆ ನಾದ ಗಲ್ಲಿಯ ಕೊನೆಯವರೆಗೆ ಹೋಯಿತು. ಮಾರಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಅದರ ಅಂಚಿನ ಸುತ್ತ ನನಗೆ ಓದಲು ಬಾರದ ಹಳೆಯ ಅಕ್ಷರಗಳಿದ್ದವು. ಕೈ ರೂಢಿ; ಬಂದ ದಿನವೇ ಅರ ಹಾಕಿ ಉಜ್ಜಿದ್ದೆ.

ತಂಗಿಗೆ ಹೇಳದೆ ಒಂದು ಮಧ್ಯಾಹ್ನ ಗಂಟೆಯನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಮ್ಯೂಸಿಯಂನ ಮುಖ್ಯಸ್ಥರಾದ ಕ್ಯುರೇಟರ್ ಕೋಣೆಗೆ ಹೋದೆ.

"ಮ್ಯೂಸಿಯಮ್ಮಿಗೆ ನನ್ನದೊಂದು ಕಾಣಿಕೆ ಸಾರ್," ಅಂದೆ. "ನಮ್ಮ ಹುಡುಗಿ ಇಲ್ಲೇ ಕೆಲ್ಸ ಮಾಡೋದು. ತಮಗೆ ಗೊತ್ತಲ್ಲ."

ಅವರು ಗಂಟೆ ಎತ್ತಿ ಬಾರಿಸಿ, "ಏನ್ರೀ ಸಾಹುಕಾರ್ರೇ, ಇಂಥಾದ್ದನ್ನ ಇಷ್ಟು ದಿನ ಬಚ್ಚಿಟ್ಕೊಂಡಿದ್ರಾ?" ಎಂದು ಕಣ್ಣರಳಿಸಿದರು. ದಾಖಲು ಮಾಡಲು ತಂಗಿಯನ್ನೇ ಕರೆಸಿದರು.

ಅವಳು ಬಂದಳು. ನನ್ನನ್ನು ನೋಡಿದಳು, ಗಂಟೆಯನ್ನು ನೋಡಿದಳು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳನ್ನು ಅಂಚಿನ ಸುತ್ತ ಮೆಲ್ಲಗೆ ಆಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಅಣ್ಣ, ಇಲ್ಲೇನ್ ಬರ್ದಿತ್ತು?"

"ಎಂಥದೋ ಹಳೇ ಅಕ್ಷರ. ಯಾವನಿಗ್ ಗೊತ್ತು?"

"ನೀನೇ ಉಜ್ಜಿದ್ಯಾ?"

"ಎಲ್ಲಾದಕ್ಕೂ ಉಜ್ಜಲ್ವಾ? ಅಂಗೇ ಉಜ್ಬುಟ್ಟೆ."

ಅವಳು ಗಂಟೆಯನ್ನು ಮೇಜಿನ ಮೇಲಿಟ್ಟಳು. ಹಿಡಿಯ ಮೇಲೆ ಬಸವ ಇರುವುದರಿಂದ ಅದು ಯಾವುದೋ ಊರಿನ ದೇವಸ್ಥಾನದ್ದು, ಕೊಟ್ಟವರ ಹೆಸರು, ಊರಿನ ಹೆಸರು ಆ ಅಂಚಿನಲ್ಲಿ ಇದ್ದಿರಬೇಕು ಎಂದಳು. ಕದ್ದವರು ಗುರುತು ಅಳಿಸುವುದೂ ಹೀಗೆಯೇ ಎಂದಾಗ ನಾನು ಕ್ಯುರೇಟರ್ ಮುಖ ನೋಡಿದೆ.

ಕ್ಯುರೇಟರ್ ಕೆಟ್ಟವರಲ್ಲ. "ಅಷ್ಟಕ್ಕೆಲ್ಲ ಯಾಕಮ್ಮ? ಬಳಸಿ ಬಳಸಿ ಸವೆದಿದೆ ಅಂತ ಬರೆದುಬಿಡಿ. ತಿಂಗಳಲ್ಲಿ ಸಂದರ್ಶನ ಇದೆ ನಿಮ್ಮದು, ನೆನಪಿದೆ ತಾನೇ?" ಅಂದರು.

"ಸವೆದ್ರೆ ಸುತ್ತಲೂ ಸವೆಯುತ್ತೆ ಸಾರ್. ಇದು ಅಕ್ಷರ ಇದ್ದ ಕಡೆ ಮಾತ್ರ ಹೋಗಿದೆ."

ಅವಳನ್ನು ಹೊರಗೆ, ಅಂಗಳದ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆ. ಜೀವಮಾನದಲ್ಲಿ ಕಲಿತ ಚೌಕಾಸಿಯನ್ನೆಲ್ಲ ಅಲ್ಲಿ ಸುರಿದೆ. "ಒಂದೇ ಒಂದು ಪದ ಕಣವ್ವ. ಸವೆದಿದೆ ಅಂತ ಬರ್ದುಬುಡು. ಕೆಲ್ಸ ಖಾಯಂ ಆಗ್ಲಿ, ಆಮೇಲೆ ತಿದ್ಕೊಳ್ಳೋವಂತೆ."

"ಆ ಪುಸ್ತಕದಲ್ಲಿ ತಿದ್ದೋ ಹಾಗಿಲ್ಲ ಅಣ್ಣ."

"ಹೋಗ್ಲಿ, ವಾಪಸ್ ಕೊಟ್ಬುಡು. ಮನೆಗೆ ತಗೊಂಡೋಯ್ತೀನಿ. ನಾನು ಬಂದೇ ಇಲ್ಲ ಅನ್ಕೋ."

"ಮನೆಗೆ ತಗೊಂಡು ಹೋಗಿ? ಒಳಕೋಣೇಲಿ ಇಡ್ತೀಯಾ? ಒಂದು ಊರಿನವರು ಇದನ್ನ ಹುಡುಕ್ತಾ ಇರ್ತಾರೆ."

ಆಮೇಲೆ ಅವಳು, "ಅವ್ವನ ಬಿಂದಿಗೆ ನೆನಪಿದ್ಯಾ?" ಅಂದಳು. "ನಾನು ಅಕ್ಷರ ಕಲಿತದ್ದು ಅದರ ಮೇಲೆ. ಅವ್ವ ನನ್ನ ಬೆರಳು ಹಿಡಿದು ಅವಳ ಹೆಸರಿನ ಮೇಲೆ ಆಡಿಸ್ತಿದ್ಲು. ನೀನು ಉಜ್ಜೋವಾಗ ಮೆಟ್ಟಿಲ ಮೇಲೆ ಕೂತು ನೋಡ್ತಿದ್ದೆ. ನೀನು ಅಳ್ತಿದ್ದೆ, ಅದಕ್ಕೇ ಬೇಡ ಅನ್ನಲಿಲ್ಲ."

ಇಷ್ಟು ವರ್ಷ ನನಗೆ ಅದು ಗೊತ್ತಿರಲಿಲ್ಲ. ಅವಳು ಒಳಗೆ ಹೋಗಿ ಬರೆದಳು.

ವಿಚಾರಣೆ ನಡೆಯಿತು. ಪೊಲೀಸರು ಅಂಗಡಿಯನ್ನು ಎರಡು ದಿನ ಮುಚ್ಚಿಸಿ ಜಾಲಾಡಿದರು, ಬೇರೇನೂ ಸಿಗಲಿಲ್ಲ. ಗಂಟೆ ತಂದವರ ಹೆಸರು ಹೇಳಿ ಎಂದರೆ ನನ್ನ ಬಳಿ ಹೆಸರಿರಲಿಲ್ಲ. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಗಂಟೆ ಕಳೆದುಕೊಂಡವರು ಬಂದು ನೋಡಬಹುದು ಎಂದು ಸುತ್ತಲ ಊರುಗಳಿಗೆ ತಿಳಿಸಿದರು. ಕೆಲವರು ಬಂದು ನೋಡಿ, ನಮ್ಮದಲ್ಲ ಎಂದು ಹೋದರು.

ಒಬ್ಬರು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದ್ದಾರೆ. ಮಂಡಕಳ್ಳಿಯಿಂದ ಆಚೆಗಿನ ಒಂದು ಹಳ್ಳಿಯ ಹಿರಿಯರು, ದೇವಸ್ಥಾನದಲ್ಲಿ ಪೂಜೆ ಮಾಡುವವರು. ಕಣ್ಣು ಮಂಜಾಗಿತ್ತು. ಹೇಳಿಕೆ ಕೊಡಲು ನನ್ನನ್ನೂ ಅವತ್ತೇ ಮ್ಯೂಸಿಯಂಗೆ ಕರೆಸಿದ್ದರು. ಅವರು ಗಂಟೆಯನ್ನು ಬಾರಿಸಿ ಕಿವಿಗೊಟ್ಟು ನಿಂತರು. ಇನ್ನೊಮ್ಮೆ ಬಾರಿಸಿದರು.

"ಧ್ವನಿ ನಮ್ದೇ ಅನ್ಸುತ್ತೆ ಕಣವ್ವ," ಎಂದು ತಂಗಿಗೆ ಹೇಳಿದರು. ಅಂಚಿನ ಸುತ್ತ ಬೆರಳಾಡಿಸಿದರು. "ಆದ್ರೆ ನಮ್ದ್ರಲ್ಲಿ ಹೆಸರಿತ್ತು. ಇದ್ರಲ್ಲಿ ಇಲ್ವಲ್ಲ. ದೇವರ ಸಾಮಾನು, ನಮ್ದಲ್ದೇ ಇದ್ದದ್ದನ್ನ ನಮ್ದು ಅನ್ಬಾರ್ದು." ಗಂಟೆಯನ್ನು ಸದ್ದಾಗದಂತೆ ನಾಲಿಗೆ ಹಿಡಿದು ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ಬಸ್ಸಿಗೆ ಹೊರಟರು. ನಾನು ಅಲ್ಲೇ ಇದ್ದೆ. ಅರ ಹಿಡಿದ ಕೈ ನನ್ನದು ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ಸಂದರ್ಶನದಲ್ಲಿ ತಂಗಿಯನ್ನು ಗಂಟೆಯ ವಿಷಯ ಬಿಟ್ಟು ಬೇರೇನೂ ಕೇಳಲಿಲ್ಲವಂತೆ. ಹುದ್ದೆ ಹೊರಗಿನವರಿಗೆ ಹೋಯಿತು. ಹಂಗಾಮಿ ಆದೇಶವೂ ಆ ವರ್ಷ ಮುಂದುವರಿಯಲಿಲ್ಲ. ಅವಳು ಮೇಟಗಳ್ಳಿಯ ಒಂದು ಕಾರ್ಖಾನೆಯ ಸ್ಟೋರಿಗೆ ಸೇರಿದಳು. ನಟ್ಟು, ಬೋಲ್ಟು, ಬೇರಿಂಗು ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆಯುವ ಕೆಲಸ. ಖಾಯಂ ಕೆಲಸ. ಹಬ್ಬಕ್ಕೆ ಬರುತ್ತಾಳೆ, ಊಟ ಮಾಡುತ್ತಾಳೆ, ನನ್ನ ಮಂಡಿನೋವು ವಿಚಾರಿಸುತ್ತಾಳೆ. ಒಂದು ದಿನವೂ ನನ್ನನ್ನು ದೂರಲಿಲ್ಲ. ಮ್ಯೂಸಿಯಂ ಇರುವ ರಸ್ತೆಯಲ್ಲಿ ಆಟೋ ಹೋಗುವಾಗ ಮಾತ್ರ ಚೀಲದಲ್ಲಿ ಏನನ್ನೋ ಹುಡುಕುತ್ತಾಳೆ.

ಹಳೆಯ ವಸ್ತು ನಿಮ್ಮ ಕೈಗೆ ಬಂದರೆ ನನ್ನ ಮಾತು ಕೇಳಿ: ಉಜ್ಜಬೇಡಿ, ತೊಳೆಯಬೇಡಿ, ಕೊಟ್ಟವರ ಹೆಸರು ಮೊದಲು ಬರೆದಿಟ್ಟುಕೊಳ್ಳಿ. ನಿಮ್ಮವರು ಅಂಥ ಕಡೆ ಕೆಲಸಕ್ಕಿದ್ದರೆ ಕಾಣಿಕೆ ಹಿಡಿದು ಅಲ್ಲಿಗೆ ಹೋಗಲೇಬೇಡಿ. ಆ ಹಿರಿಯರು ಬರಿಗೈಯಲ್ಲಿ ಹೋದ ದಿನವೇ ನನ್ನ ಅರವನ್ನು ಗುಜರಿಗೆ ಹಾಕಿದೆ. ಈಗ ಅಂಗಡಿಯಲ್ಲಿ ತೂಕದ ಪಕ್ಕದಲ್ಲಿ ಹೆಸರನ್ನೂ ಬರೆಯುತ್ತೇನೆ. ಗಿರಾಕಿಗಳು ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ನಾಲ್ಕೈದು ವರ್ಷಗಳ ನಂತರ ಒಮ್ಮೆ ಮ್ಯೂಸಿಯಂಗೆ ಹೋದೆ. ಕ್ಯುರೇಟರ್ ಬೇರೆಯವರು. ಆ ಗಂಟೆಯ ಊರು ಸಿಕ್ಕಿತೇ ಎಂದು ಕೇಳಿದೆ. ಅವರು ದಾಖಲೆ ಪುಸ್ತಕ ತೆಗೆದು, ಸಿಕ್ಕಿಲ್ಲ ಎಂದು ನನ್ನ ಕಡೆ ತಿರುಗಿಸಿದರು. ಕನ್ನಡಕ ಹಾಕಿಕೊಂಡು ಓದಿದೆ. ಎಲ್ಲಿಂದ ಬಂತು ಎನ್ನುವ ಕಲಮಿನಲ್ಲಿ ಹೀಗಿತ್ತು: "ಮೂಲ ತಿಳಿದಿಲ್ಲ. ಅಂಚಿನ ಅಕ್ಷರಗಳನ್ನು ಇತ್ತೀಚೆಗೆ ಅರದಿಂದ ಉಜ್ಜಿ ತೆಗೆಯಲಾಗಿದೆ. ಉಜ್ಜಿದವರು ದಾನಿ, ಈ ದಾಖಲೆ ಬರೆಯುತ್ತಿರುವವಳ ಅಣ್ಣ. ಕೆಟ್ಟ ಉದ್ದೇಶದಿಂದ ಅಲ್ಲ."

ಕೊನೆಯ ಮೂರು ಪದ ಯಾವ ಕಲಮಿಗೂ ಸೇರಿದ್ದಲ್ಲ. ಅಂಚಿಗೆ ಒತ್ತಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದಳು. ಅದರ ಕೆಳಗಿನ ಸಾಲಿನಿಂದ ಬೇರೆಯವರ ಕೈಬರಹ.