ನೀಲಪ್ಪನ ಸೊಂಟಪಟ್ಟಿ

ಹಾನಗಲ್ಲಿನ ಗುದ್ಲೆಪ್ಪ ಚಪ್ಪಲಿ, ಬಾರಕೋಲು, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿದು ಬಾಳಿದವನು. ಮರ ಹತ್ತುವವನಿಗೆ ಪಟ್ಟಿ ಹೊಲಿದವನಲ್ಲ. ೧೯೪೩ರ ದೀಪಾವಳಿ ಕಳೆದ ಮೇಲೆ ನೀಲಪ್ಪ ಬಂದು ಅದನ್ನೇ ಕೇಳಿದ. ಮಾವಿನ ತೋಪುಗಳಲ್ಲಿ ಮರದ ರಸ ಹೀರುವ ಬಂದಳಿಕೆ ಕಿತ್ತು, ಒಣ ಟೊಂಗೆ ಸವರುವುದು ನೀಲಪ್ಪನ ಕೆಲಸ.

“ಹಗ್ಗ ಸೊಂಟಾ ಕೊಯ್ತೈತಿ, ಗುದ್ಲೆಪ್ಪಣ್ಣ. ಎರಡೂ ಕೈ ಬಿಟ್ಟು ಕೆಲಸ ಮಾಡೂವಂಥಾ ತೊಗಲಿನ ಪಟ್ಟಿ ಬೇಕು. ಏಟಾಕ್ಕೈತಿ?”

ಗುದ್ಲೆಪ್ಪ ಲೆಕ್ಕ ಹಾಕಿದ. ಒಳ್ಳೆಯ ತೊಗಲೆಲ್ಲ ಯುದ್ಧಕ್ಕೆ ಹೋಗಿ ಬೆಲೆ ಎರಡರಷ್ಟಾಗಿತ್ತು. ಪಟ್ಟಿಗೆ ಕಮ್ಮಾರನಿಂದ ಎರಡು ಕಬ್ಬಿಣದ ಬಳೆ, ಮೂರು ದಿನದ ದುಡಿಮೆ ಬೇರೆ. “ಎರಡು ಪದರಿಂದು ಒಂಬತ್ತು ರೂಪಾಯಿ. ಒಂದ ಪದರಿಂದು ಐದು.”

“ಒಂದ ಪದರ ಸಾಕು ಬಿಡು,” ಎಂದು ನೀಲಪ್ಪ ಐದು ರೂಪಾಯಿ ಇಟ್ಟು ಹೋದ.

ಒಳಗಿದ್ದ ಹೆಂಡತಿ ಹುಚ್ಚವ್ವ ಹೊರಗೆ ಬಂದಳು. “ತೊಗಲಿನ ಮುಖಾ ನೋಡತೀರೋ, ಅವನ ಮುಖಾ ನೋಡತೀರೋ?”

ಗುದ್ಲೆಪ್ಪ ಐದು ರೂಪಾಯಿಗೇ ಎರಡು ಪದರ ಹೊಲಿದುಕೊಟ್ಟ.

ಸಂಕ್ರಾಂತಿಯಾದ ವಾರಕ್ಕೆ ನೀಲಪ್ಪ ಸತ್ತ. ಜೊತೆಗಿದ್ದ ಹೊಳಬಸಪ್ಪ ಬಂದು ಹೇಳಿದ: “ಟೊಂಗಿ ಒಳಗ ಗೆದ್ದಲ ತಿಂದು ಪೊಳ್ಳಾಗಿತ್ತಣ್ಣ. ಮುರಿಯೂ ಸಪ್ಪಳ ಕೇಳಿ ಬಾಜೂ ಟೊಂಗಿಗೆ ಜಿಗಿಯಾಕ ನೋಡಿದ. ಟೊಂಗಿಗೆ ಸುತ್ತಿದ್ದ ಪಟ್ಟಿ ಬಿಡಲಿಲ್ಲ. ಟೊಂಗಿ ಕೂಡ ಬಿದ್ದ.”

ಹಿಡಿದಿಡುವುದನ್ನೇ ಯೋಚಿಸಿದ್ದ ಗುದ್ಲೆಪ್ಪನಿಗೆ ಬಿಡಬೇಕಾದೀತು ಎಂದು ಹೊಳೆದಿರಲೇ ಇಲ್ಲ.

ತಿಂಗಳಾದ ಮೇಲೆ ನೀಲಪ್ಪನ ಹೆಂಡತಿ ಮಾದೇವಿ ಬಂದಳು. ಶಾಪ ಹಾಕಲು ಬಂದಳೆಂದು ಗುದ್ಲೆಪ್ಪ ತಲೆ ತಗ್ಗಿಸಿದ.

“ಈಗ ನನ್ನ ತಮ್ಮ ಮರಾ ಹತ್ತಾಕತ್ತಾನ್ರಿ. ಬ್ಯಾಡಂದ್ರೂ ಕೇಳವಲ್ಲ. ಅವಗೂ ಒಂದು ಪಟ್ಟಿ ಮಾಡಿಕೊಡ್ರಿ ಅಣ್ಣಾ.”

“ನನ್ನ ಕೈಲೆ ಆಗೂದಿಲ್ಲ ತಂಗಿ.”

“ಬರೇ ಹಗ್ಗ ಕಟ್ಟಿಕೊಂಡು ಹತ್ತಿ ನಮ್ಮಪ್ಪ ಸತ್ತ. ಇವನೂ ಹಂಗ ಹತ್ತಲೇನ್ರಿ?” ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗುದ್ಲೆಪ್ಪನೂ ಅತ್ತುಬಿಟ್ಟ.

ಆಮೇಲೆ ಕಮ್ಮಾರನ ಕುಲುಮೆಯಲ್ಲಿ ಹತ್ತು ದಿನ ಕುಳಿತ. ಒಂದೇ ಕೈಯಲ್ಲಿ ಜಗ್ಗಿದರೆ ಕಳಚಿಕೊಳ್ಳುವ ಕೊಂಡಿ ನಾಲ್ಕನೆಯ ಸಲಕ್ಕೆ ಸರಿಬಂತು. ಅದರ ಖರ್ಚು ಪಟ್ಟಿಯದಕ್ಕಿಂತ ಹೆಚ್ಚಾಯಿತು. ಮಾದೇವಿಗೆ ಅದನ್ನು ಹೇಳಲಿಲ್ಲ. ಅವಳ ತಮ್ಮನ ಕಣ್ಣಿಗೆ ಬಟ್ಟೆ ಕಟ್ಟಿ, ಅವನು ಬೇಸತ್ತು ಬೈಯುವ ತನಕ ಕೊಂಡಿ ಬಿಚ್ಚಿಸಿದ.

ಆ ಹುಡುಗ ಬಹಳ ವರ್ಷ ಮರ ಹತ್ತಿದ, ಬೀಳಲಿಲ್ಲ. ಹಿರೇಕೆರೂರು, ತಡಸದ ಕಡೆಯಿಂದಲೂ ಜನ ಪಟ್ಟಿ ಕೇಳಿಕೊಂಡು ಬಂದರು. ಗುದ್ಲೆಪ್ಪ ಅವರಿಗೆ ಕೊಂಡಿಯ ಅಳತೆ ಹೇಳಿ ಬೇರೆಯವರ ಹತ್ತಿರ ಕಳಿಸುತ್ತಿದ್ದ. ನೀಲಪ್ಪ ಬಿದ್ದ ತೋಪಿನ ಕಡೆ ಹೋಗುವುದಿದ್ದರೆ ಮಾತ್ರ, ಎಷ್ಟು ದೂರವಾದರೂ ತೋಪು ತಪ್ಪಿಸಿ ಹೊಲದ ಬದುಗುಂಟ ಸುತ್ತಿಕೊಂಡು ಹೋಗುತ್ತಿದ್ದ.